ರಬ್ಬರ್ ಕೈಯ ನಾಯಕಿ

ನವೆಂಬರ್ ೯

ಈ ಬರೆಯುವ ಪುಸ್ತಕ ಪುಕ್ಕಟೆ ಬಂದದ್ದು. ರಟ್ಟಿನ ಮೇಲೆ ಹಲ್ಲು ಕಿರಿಯುತ್ತ ಆಕಾಶ ನೋಡುವ ಒಬ್ಬ ಹುಡುಗಿಯ ಚಿತ್ರ. ಕೆಳಗಿನ ಇಂಗ್ಲಿಷಿಗೆ ‘ನಾಳಿನ ಆಫ್ರಿಕಾದ ನಾಯಕಿಯರು’ ಅಂತ ಅರ್ಥವಂತೆ. ಇವತ್ತಿನವರು ಇನ್ನೂ ಸತ್ತಿಲ್ಲ ಅಂತ ಅವರಿಗೆ ಯಾರೂ ಹೇಳಿದಂತೆ ಕಾಣುವುದಿಲ್ಲ. ಆಕಾಶ ನೋಡಿಕೊಂಡು ನಡೆಯುವವಳು ಚರಂಡಿಗೆ ಬೀಳುತ್ತಾಳೆ ಅಂತಲೂ ಹೇಳಿಲ್ಲ.

ತಂದುಕೊಟ್ಟವಳು ನನ್ನ ಮೊಮ್ಮಗಳು ತಿಯುಂಬಾ. ಎಂಟು ತಿಂಗಳು ರಾಜಧಾನಿ ಅಕ್ರಾದಲ್ಲಿ ತಂಪು ಗಾಳಿಯ ಕೋಣೆಯಲ್ಲಿ ಕೂತು, ನಾಯಕಿಯಾಗುವುದು ಹೇಗೆ ಅಂತ ಕಲಿತು ಇವತ್ತು ಊರಿಗೆ ಬಂದಳು. ಲಾರಿ ನಿಲ್ಲುವಲ್ಲಿ ಅರ್ಧ ಊರು ನಿಂತಿತ್ತು. ದೊಡ್ಡವರ ಮುಂದೆ ಕುಕ್ಕರಗಾಲಲ್ಲಿ ಕೂತು, ನೆಲ ನೋಡುತ್ತ ಕ್ಷೇಮ ಕೇಳಬೇಕಾದ ಹುಡುಗಿ ಗೂಟದ ಹಾಗೆ ನೆಟ್ಟಗೆ ನಿಂತು, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಕೈ ಚಾಚಿದಳು. ಕುಲುಕಬೇಕಂತೆ.

“ಯಾಕೆ, ಬೀಳ್ತಾ ಇದೀಯಾ? ಹಿಡ್ಕೋಬೇಕಾ?” ಅಂದೆ.

ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು, ಆಮೇಲೆ ಕೂತಳು. ಕೂತಾಗ ಮೊಣಕಾಲು ಕಟಕ್ಕೆಂದಿತು. ಎಂಟೇ ತಿಂಗಳಿಗೆ ಕೀಲು ತುಕ್ಕು ಹಿಡಿದಿದೆ.

ನಾನು ಓದಿದ್ದು ಮೂರು ಕ್ಲಾಸು, ಆಮೇಲೆ ಹೆಂಗಸರ ಸಂಜೆ ಶಾಲೆ. ಇದನ್ನು ಯಾರೂ ಓದಬೇಕಾಗಿಲ್ಲ. ಬಾಯಿಂದ ಬಿಟ್ಟರೆ ಮನೆ ಮುರಿಯುವ ಮಾತುಗಳನ್ನು ಎಲ್ಲಾದರೂ ಉಗುಳಬೇಕಲ್ಲ, ಅದಕ್ಕೆ.

ನವೆಂಬರ್ ೧೩

ವಿಷಯ ಈಗ ತಿಳಿಯಿತು. ದೇಶ ದೇಶದಿಂದ ಆರಿಸಿದ ಇಪ್ಪತ್ನಾಲ್ಕು ಹುಡುಗಿಯರು. ಎಲ್ಲರೂ ಅವರವರ ಊರಿಗೆ ಹೋಗಿ ನಾಲ್ಕು ತಿಂಗಳು ಒಂದು ಗುಂಪನ್ನು ಮುನ್ನಡೆಸಿ ತೋರಿಸಬೇಕಂತೆ. ಅದನ್ನು ನೋಡಿ ಆರು ಜನರನ್ನು ಮಾತ್ರ ಅಡಿಸ್ ಅಬಾಬಾದ ದೊಡ್ಡ ಕಚೇರಿಗೆ ಎರಡು ವರ್ಷದ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಯಾವ ದೇಶದ ಯಾವ ಹಳ್ಳಿಗೆ ಏನು ಕೊಡಬೇಕು ಅನ್ನುವುದನ್ನು ಅಲ್ಲಿ ಕೂತು ನಿರ್ಧರಿಸುತ್ತಾರಂತೆ. ಹಳ್ಳಿಯವರನ್ನು ಕೇಳುವುದಿಲ್ಲವೇ ಅಂದೆ.

“ಅದಕ್ಕೇ ಅಜ್ಜಿ ನಾನು ಹೋಗ್ಬೇಕು ಅನ್ನೋದು. ಆ ಮೇಜಿನ ಸುತ್ತ ಕೂತವರಲ್ಲಿ ಶಿಯಾ ಕಾಯಿ ಅರೆದು ಬೆಣ್ಣೆ ನಾದಿದವಳು ಒಬ್ಬಳೂ ಇಲ್ಲ,” ಅಂದಳು.

ಇವಳು ಮಹಾ ನಾದಿದವಳು. ಹತ್ತು ವರ್ಷದವಳಿದ್ದಾಗ ಬೋಗುಣಿಗೆ ಸೀನಿದ್ದಳು.

ಪ್ರತಿ ಹುಡುಗಿಗೂ ಊರಿನ ಒಬ್ಬ ಮಾರ್ಗದರ್ಶಿ ಬೇಕು. ಬೇರೆ ಹುಡುಗಿಯರು ಮೇಷ್ಟರನ್ನೋ ಡಾಕ್ಟರನ್ನೋ ಬರೆಸಿದರೆ ಇವಳು ನನ್ನನ್ನು ಬರೆಸಿದ್ದಾಳೆ. ಅದಕ್ಕೇ ಈ ಪುಸ್ತಕ. ನಾನು ನಮ್ಮ ಸಂಗುಯಿಲಿ ಊರಿನ ಹೆಂಗಸರಿಗೆ ಇಪ್ಪತ್ತಾರು ವರ್ಷದಿಂದ ಮಗಾಜಿಯಾ. ಹೆಂಗಸರ ಕೆಲಸ, ಹೆಂಗಸರ ಜಗಳ, ಹೆಂಗಸರ ದೂರು, ಎಲ್ಲವೂ ನನ್ನ ಅಂಗಳ ದಾಟಿಯೇ ಊರ ಒಡೆಯನ ಬಾಗಿಲಿಗೆ ಹೋಗುವುದು. ನನಗೆ ಯಾರೂ ಕೋಣೆಯಲ್ಲಿ ಕೂರಿಸಿ ಹೇಳಿಕೊಡಲಿಲ್ಲ. ನನ್ನ ಹಿಂದಿನ ಮಗಾಜಿಯಾ ಬೆಣ್ಣೆಯ ಹದ ನೋಡಲು ನನ್ನ ಕೈ ಹಿಡಿದು ಬೋಗುಣಿಗೆ ಅದ್ದಿದಳು. ಅಷ್ಟೇ ಪಾಠ.

ನವೆಂಬರ್ ೨೧

ಇವತ್ತು ನಾಯಕಿಯ ಮೊದಲ ಸಭೆ. ಹನ್ನೆರಡು ಹೆಂಗಸರನ್ನು ಬೇವಿನ ಮರದ ಕೆಳಗೆ ಕೂರಿಸಿ ದೊಡ್ಡ ಹಾಳೆ ಹರಡಿದಳು. ಅದರ ಮೇಲೆ ಸೊನ್ನೆ ಬರೆದಳು, ದೊಡ್ಡ ಸೊನ್ನೆ, ಸಣ್ಣ ಸೊನ್ನೆ. ಊರಲ್ಲಿ ಯಾರ ಮಾತು ಯಾರು ಕೇಳುತ್ತಾರೆ ಅಂತ ಗೆರೆ ಎಳೆಯಬೇಕಂತೆ. ಅದು ಗೊತ್ತಿಲ್ಲದವಳು ಈ ಊರಲ್ಲಿ ಒಂದು ವಾರ ಬದುಕುವುದಿಲ್ಲ. ಬದುಕಿದವರನ್ನೇ ಕೂರಿಸಿಕೊಂಡು ಬರೆಸಿದಳು.

ಲಮಿಸಿ ಅಂತ ಒಬ್ಬಳಿದ್ದಾಳೆ, ನಲವತ್ತು ದಾಟಿದವಳು. ಕೆಲಸದಲ್ಲಿ ಚುರುಕು, ನಾಲಿಗೆಯಲ್ಲಿ ನನ್ನ ಶಿಷ್ಯೆ, ಕಣ್ಣು ನನ್ನ ಜಾಗದ ಮೇಲೆ. ಅವಳು ಎದ್ದು, ನಡುವಿನ ಅತಿ ದೊಡ್ಡ ಸೊನ್ನೆ ತೋರಿಸಿ, “ಇದು ಮಗಾಜಿಯಾ ಇರ್ಬೇಕು. ಒಳಗೆ ಏನೂ ಇಲ್ಲ, ಸುತ್ತಳತೆ ಮಾತ್ರ ಜೋರು,” ಅಂದಳು.

ನಕ್ಕೆ. ನಗಲೇಬೇಕಾಯಿತು, ಚೆನ್ನಾಗಿತ್ತು. ಆದರೆ ನೆನಪಿಟ್ಟುಕೊಂಡಿದ್ದೇನೆ.

ನವೆಂಬರ್ ೨೮

ಗಿರಣಿಯಿಂದ ಬರುವಾಗ ಒಂದು ಕಾಲಿನ ಚಪ್ಪಲಿ ಎಲ್ಲೋ ಕಳಚಿಹೋಗಿತ್ತು. ಮನೆಗೆ ಬಂದ ಮೇಲೆ ಸೊಸೆ, ತಿಯುಂಬಾಳ ತಾಯಿ, ಹೇಳಿದಳು, ಅತ್ತೆ, ಒಂದೇ ಚಪ್ಪಲಿಯಲ್ಲಿ ಬಂದಿದ್ದೀರಿ ಅಂತ. ಅವಳಿಗೆ ನನ್ನ ಕಾಲು ನೋಡುವುದು ಬಿಟ್ಟು ಬೇರೆ ಕೆಲಸವಿಲ್ಲ. ಕೊಂಡ ಚಪ್ಪಲಿಯೇ ಸಡಿಲವಿತ್ತು.

ಡಿಸೆಂಬರ್ ೬

ಮೂರು ದಿನದ ಹಿಂದೆ ಅಕ್ರಾದಿಂದ ಪರೀಕ್ಷಕಿ ಬಂದಿದ್ದಳು, ಮೇಡಮ್ ಡೆಡೆ. ದಕ್ಷಿಣದವಳು, ನಮ್ಮ ದಗ್ಬಾನಿ ಒಂದಕ್ಷರ ಬಾರದು. ಧೂಳಿಗೆ ಹೆದರಿ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಇಳಿದಳು. ನನ್ನನ್ನು ‘ಮಾಮಾ’ ಅಂದಳು. ಇವಳನ್ನು ಹೆತ್ತ ನೆನಪು ನನಗಿಲ್ಲ.

ಅವಳು ಹೇಳಿದ್ದನ್ನು ತಿಯುಂಬಾ ನಮಗೆ ಹೇಳಬೇಕು, ನಾವು ಹೇಳಿದ್ದನ್ನು ಅವಳಿಗೆ. ನನ್ನ ಹತ್ತು ಮಾತು ಇಂಗ್ಲಿಷಿಗೆ ಹೋಗುವಾಗ ಮೂರಾಗುತ್ತಿತ್ತು, ಮೇಡಮ್ ಮುಗುಳ್ನಗುತ್ತಿದ್ದಳು. ನಗುವಂಥದ್ದೇನೂ ನಾನು ಹೇಳಿರಲಿಲ್ಲ. ಮೊಮ್ಮಗಳು ನನ್ನ ಬೈಗುಳವನ್ನು ಜರಡಿ ಹಿಡಿದು, ಮುಳ್ಳು ತೆಗೆದು ಬಡಿಸುತ್ತಿದ್ದಾಳೆ ಅಂತ ಆಮೇಲೆ ಹೊಳೆಯಿತು.

ತೀರ್ಮಾನ ಇಷ್ಟು. ಹೊರದೇಶದ ಒಬ್ಬ ವ್ಯಾಪಾರಿಗೆ ನಮ್ಮ ಗುಂಪು ಜನವರಿಯಲ್ಲಿ ಆರು ಬೋಗುಣಿ ಬೆಣ್ಣೆ ಮಾಡಿಕೊಡಬೇಕು. ತಿಯುಂಬಾ ನಿಂತು ಮಾಡಿಸಬೇಕು. ಅದೇ ಅವಳ ಪರೀಕ್ಷೆ. ಕಾಯಿ ಹೆಂಗಸರದೇ, ಪ್ರತಿಯೊಬ್ಬಳೂ ಮಳೆಗಾಲದಲ್ಲಿ ಕಾಡಿನಿಂದ ಆಯ್ದು, ಬೇಯಿಸಿ ಒಣಗಿಸಿ ಇಟ್ಟುಕೊಂಡ ಶಿಯಾ ಕಾಯಿಯಲ್ಲಿ ಪಾಲು ಕೊಡಬೇಕು. ಮತ್ತೆ ವ್ಯಾಪಾರಿಯ ಷರತ್ತು, ನಾದುವವರ ಕೈಗೆ ರಬ್ಬರ್ ಗ್ಲೌಸು ಇರಬೇಕು. ಶುಚಿಯಂತೆ.

ಶುಚಿ! ನಮಾಜಿಗೆ ಐದು ಹೊತ್ತು ತೊಳೆದುಕೊಳ್ಳುವ ಕೈ ಇವು. ಕೈ ಮುಚ್ಚಿದರೆ ಹದ ಯಾರು ನೋಡುತ್ತಾರೆ ಅಂತ ಕೇಳಿದೆ. ಬೆಣ್ಣೆಗೆ ಬಿಸಿನೀರು ಯಾವಾಗ, ತಣ್ಣೀರು ಯಾವಾಗ ಅಂತ ಹೇಳುವುದು ಗಡಿಯಾರವಲ್ಲ, ಅಂಗೈ. ತಿಯುಂಬಾ ತಲೆಯಾಡಿಸಿದಳು. ಎಲ್ಲರೂ ಹಾಕಿಕೊಳ್ಳಲಿ, ಹದ ನೋಡುವ ನೀನೊಬ್ಬಳು ಬರಿಗೈಯಲ್ಲಿರು ಅಂದಳು. ಬುದ್ಧಿ ಇಲ್ಲದೆ ಇಲ್ಲ. ಆದರೂ ಅವತ್ತಿನಿಂದ ನಾನು ಅವಳನ್ನು ರಬ್ಬರ್ ಕೈಯ ನಾಯಕಿ ಅಂತಲೇ ಕರೆಯುತ್ತಿದ್ದೇನೆ. ಕೊಳವೆ ಬಾವಿಯ ಹತ್ತಿರ ಹುಡುಗಿಯರೂ ಕಲಿತುಕೊಂಡಿದ್ದಾರೆ. ಒಳ್ಳೆಯ ಹೆಸರಿಗೆ ಕಾಲು ಬೇಗ ಬರುತ್ತದೆ.

ಡಿಸೆಂಬರ್ ೨೦

ಹರ್ಮಟ್ಟಾನ್, ಮರುಭೂಮಿಯ ಒಣ ಚಳಿಗಾಳಿ, ಶುರುವಾಗಿದೆ. ತುಟಿ ಒಡೆದಿದೆ, ಕೈ ಮರಗಟ್ಟಿದೆ. ಈ ಗಾಳಿಗೆ ಯಾರ ಕೈಯೂ ಮರಗಟ್ಟುತ್ತದೆ.

ಬೆಳಿಗ್ಗೆ ಒಲೆಯ ಹತ್ತಿರ ಕೂತಿದ್ದೆ. ಮಾಂಸ ಸೀದ ವಾಸನೆ ಬಂತು. ಗಿನಿಕೋಳಿ ಸುಡುತ್ತಿದ್ದೀಯೇನೇ ಅಂತ ಸೊಸೆಗೆ ಕೂಗಿದೆ. ತಿಯುಂಬಾ ಓಡಿ ಬಂದು ನನ್ನ ಕೈಯನ್ನು ಕಿತ್ತುಕೊಂಡ ಹಾಗೆ ಎಳೆದಳು. ಕಿರುಬೆರಳ ಬದಿ ಕೆಂಡಕ್ಕೆ ತಾಗಿತ್ತು. ಬೊಬ್ಬೆ ಬಂದಿದೆ. ಅವಳು ಶಿಯಾ ಬೆಣ್ಣೆ ಸವರಿದಳು, ನನ್ನ ಮುಖವನ್ನೇ ನೋಡುತ್ತಿದ್ದಳು.

“ನೋವಾಗ್ಲಿಲ್ವಾ ಅಜ್ಜಿ?”

“ನಿನ್ನ ಹಾಗೆ ಕಿರುಚಿಕೊಳ್ಳೋಕೆ ನನಗೇನು ಅಕ್ರಾದಲ್ಲಿ ಹೇಳಿಕೊಟ್ಟಿದಾರಾ?”

ಬೆಣ್ಣೆಯ ಡಬ್ಬ ಮುಚ್ಚಿ ಎದ್ದುಹೋದಳು. ಪ್ರಶ್ನೆ ಕೇಳುವುದನ್ನೇ ಕಲಿಸಿದ್ದಾರೆ, ಉತ್ತರ ಸಿಕ್ಕರೆ ಏನು ಮಾಡಬೇಕು ಅಂತ ಕಲಿಸಿಲ್ಲ.

ಜನವರಿ ೮

ಬೆಣ್ಣೆ ಬರಲಿಲ್ಲ.

ಬರೆಯುತ್ತೇನೆ. ಬೆಳಿಗ್ಗೆಯೇ ಅಂಗಳ ತುಂಬಿತ್ತು. ಗಿರಣಿಯಿಂದ ಬಂದ ಕಂದು ಹಿಟ್ಟು ಆರು ಬೋಗುಣಿಗೆ ಹಾಕಿದರು, ಬೋಗುಣಿಗೆ ಇಬ್ಬರಂತೆ ಹನ್ನೆರಡು ಜನ. ತಿಯುಂಬಾ ಎಲ್ಲರಿಗೂ ಗ್ಲೌಸು ಹಂಚಿದಳು. ಪುಕ್ಕ ಕಿತ್ತ ಕೋಳಿಯಂಥ ಹಳದಿ ಹಳದಿ ಕೈಗಳು. ನಗು, ಗೇಲಿ, ಒಬ್ಬಳು ಗ್ಲೌಸಿಗೆ ಗಾಳಿ ಊದಿ ಹಸುವಿನ ಕೆಚ್ಚಲು ಮಾಡಿದಳು. ಆಮೇಲೆ ಬಡಿತ ಶುರುವಾಯಿತು. ಹನ್ನೆರಡು ತೋಳು ಒಂದೇ ಸಮ ಬಿದ್ದರೆ ನೆಲ ನಡುಗುತ್ತದೆ. ನಾನು ಬರಿಗೈಯಲ್ಲಿ ಒಂದೊಂದು ಬೋಗುಣಿಗೂ ಕೈ ಅದ್ದುತ್ತ ಹೋದೆ. ಎಲ್ಲ ತಣ್ಣಗಿತ್ತು. ಚಳಿಗೆ ಹಿಟ್ಟು ಮಲಗಿದೆ ಅಂದುಕೊಂಡು, “ಬಿಸಿನೀರು ಹಾಕಿ,” ಅಂದೆ. ಹಾಕಿದರು. ಮತ್ತೆ ಅದ್ದಿದೆ, ಮತ್ತೆ ತಣ್ಣಗೆ. “ಇನ್ನೂ ಹಾಕಿ,” ಅಂದೆ.

ಆಗ ಲಮಿಸಿ ಕೈ ನಿಲ್ಲಿಸಿದಳು. “ಮಗಾಜಿಯಾ, ಬಿಸಿ ಜಾಸ್ತಿಯಾಯ್ತು ಅನ್ಸುತ್ತೆ. ಗ್ಲೌಸಿನೊಳಗೂ ಚುರುಗುಟ್ತಾ ಇದೆ.”

“ರಬ್ಬರ್ ಹಾಕ್ಕೊಂಡವಳಿಗೆ ಹದ ಏನೇ ಗೊತ್ತು? ಹೊಯ್ಯಿ.”

ಹೊಯ್ದಳು. ಆರೂ ಬೋಗುಣಿಗೆ ಹೊಯ್ದರು. ಕಂದು ಹಿಟ್ಟು ಬೆಳ್ಳಗಾಗಿ ನೊರೆಯಂತೆ ಮೇಲೆ ಬರಬೇಕಾದದ್ದು, ಬರಲಿಲ್ಲ. ಎಣ್ಣೆ ಕರಗಿ, ಸೊಪ್ಪಿನ ಸಾರಿನ ಮೇಲೆ ಜಿಡ್ಡು ತೇಲಿದ ಹಾಗೆ ತೇಲಿತು. ತಣ್ಣೀರು ಹಾಕಿದರು, ಹಳೆಯ ಬೆಣ್ಣೆಯ ಮುದ್ದೆ ಹಾಕಿದರು, ಮಧ್ಯಾಹ್ನದವರೆಗೆ ಬಡಿದರು. ಕೊನೆಗೆ ನನ್ನ ಹತ್ತಿರದ ಬೋಗುಣಿಗೆ ಮತ್ತೆ ಬಿಸಿನೀರು ಹೊಯ್ಯಿಸಿದೆ. ಸತ್ತ ಹಿಟ್ಟು ಏಳಲಿಲ್ಲ. ಹನ್ನೆರಡು ಮನೆಯ ಕಾಯಿ, ಹಾವು ಚೇಳಿನ ನಡುವೆ ಆಯ್ದ ಕಾಯಿ, ನೆಲದ ಪಾಲು.

ಆಗ ನಾನೇ ಅಂದೆ, “ನೋಡಿದ್ರಲ್ಲ, ರಬ್ಬರ್ ಕೈಯ ನಾಯಕಿಯ ಬೆಣ್ಣೆ.” ಎಲ್ಲರೂ ಅವಳ ಕಡೆ ತಿರುಗಿದರು.

ತಿಯುಂಬಾ ಗ್ಲೌಸು ಕಳಚಿ, ನನ್ನ ಹತ್ತಿರದ ಬೋಗುಣಿಗೆ ಬರಿಗೈ ಅದ್ದಿದಳು. ತಕ್ಷಣ ಹಿಂದಕ್ಕೆ ತೆಗೆದಳು. ನಂತರ ಬೋಗುಣಿಯೊಳಗೇ ಇದ್ದ ನನ್ನ ಕೈಯನ್ನು ನೋಡಿದಳು.

ಜನವರಿ ೯

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಅಂಗಳ ಡೊಂಕಿಲ್ಲ.

ಜನವರಿ ೧೧

ಹೆಂಗಸರ ಸಭೆ. ಮೊಮ್ಮಗಳು ಅಂತ ಯಾರೂ ದಾಕ್ಷಿಣ್ಯ ನೋಡಲಿಲ್ಲ. ಒಬ್ಬಳು ಅವಳ ಹಾಳೆಯ ಸೊನ್ನೆಗಳನ್ನು ಎತ್ತಿ ಆಡಿದಳು, ಇನ್ನೊಬ್ಬಳು ಅಕ್ರಾದ ತಂಪು ಗಾಳಿಯನ್ನು. ಮೊದಲೆಲ್ಲ ಆ ಮಾತುಗಳನ್ನು ಆಡಿದವಳು ನಾನೇ. ಬೇರೆಯವರ ಬಾಯಲ್ಲಿ ಕೇಳುವಾಗ ರುಚಿ ಕೆಟ್ಟಂತಿತ್ತು, ಅವರಿಗೆ ಹೇಳುವ ಕಲೆ ಗೊತ್ತಿಲ್ಲ.

ತಿಯುಂಬಾ ಎದ್ದು ನಿಂತಳು. ತಪ್ಪು ನನ್ನದು ಅಂದಳು. ಗ್ಲೌಸು ತಂದವಳು ನಾನು, ವ್ಯಾಪಾರಿಯ ಹತ್ತಿರ ವಾದ ಮಾಡದೆ ಒಪ್ಪಿಕೊಂಡವಳು ನಾನು, ಮೇಡಮ್‌ಗೂ ಹಾಗೇ ಬರೆದು ಕಳಿಸಿದ್ದೇನೆ, ನಿಮ್ಮ ಕಾಯಿಯ ನಷ್ಟಕ್ಕೆ ನನ್ನ ತಾಯಿಯ ಕಣಜದ ಕಾಯಿ ಕೊಡಿಸುತ್ತೇನೆ ಅಂದಳು.

ಲಮಿಸಿ ಅವಳನ್ನು ನೋಡಲಿಲ್ಲ. ಉದ್ದಕ್ಕೂ ನನ್ನನ್ನೇ ನೋಡುತ್ತಿದ್ದಳು.

ಮೇಡಮ್‌ಗೆ ಬರೆದಾಯಿತಂತೆ. ಅಂದರೆ ಅಡಿಸ್ ಅಬಾಬಾ ಮುಗಿಯಿತು. ಅತಿ ಬುದ್ಧಿವಂತೆ, ಕೇಳದಿದ್ದವರಿಗೂ ತಪ್ಪೊಪ್ಪಿಗೆ ಕಳಿಸಿದ್ದಾಳೆ.

ಜನವರಿ ೧೬

ಸರಿ, ಯಾರೂ ಓದದ ಪುಸ್ತಕಕ್ಕೂ ಸುಳ್ಳು ಹೇಳುವ ಮುದುಕಿಗಿಂತ ಹೇಡಿ ಬೇರೆ ಯಾರು?

ಇವತ್ತು ಸೊಸೆ ಸಂತೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಆಡು ಕುಡಿಯುವ ನೀರಿನಲ್ಲಿ ಒಂದು ಕೈ ಇಟ್ಟೆ, ಒಲೆಯ ಮೇಲಿನ ಪಾತ್ರೆಯಲ್ಲಿ ಇನ್ನೊಂದು. ಒಂದೇ. ಎರಡೂ ಬೇರೆ ಯಾರದೋ ಕೈ ಎರಡು ಬೇರೆ ಊರಿನಲ್ಲಿ ಇದ್ದ ಹಾಗೆ. ಬಿಸಿನೀರಿನ ಕೈ ಕೆಂಪಾಗುವುದನ್ನು ಕಣ್ಣಲ್ಲಿ ನೋಡಿ ತೆಗೆದೆ.

ಮಳೆಗಾಲದಿಂದಲೇ ಗೊತ್ತಿತ್ತು. ಮೊದಲು ಕಾಲು, ಆಮೇಲೆ ಬೆರಳು. ಆಸ್ಪತ್ರೆಯ ನರ್ಸು ಹೋದ ವರ್ಷವೇ ಸಕ್ಕರೆ ಕಾಯಿಲೆ ಅಂದಿದ್ದಳು. ನಾನು ಸಕ್ಕರೆ ತಿನ್ನುವವಳೇ ಅಲ್ಲ, ನಿನ್ನ ಯಂತ್ರಕ್ಕೇ ಕಾಯಿಲೆ ಅಂತ ಬೈದು ಬಂದಿದ್ದೆ. ಹರ್ಮಟ್ಟಾನ್ ಅಂದೆ, ಚಪ್ಪಲಿ ಅಂದೆ, ರಬ್ಬರ್ ಅಂದೆ. ಮಗಾಜಿಯಾಳ ಅಂಗೈ ಸತ್ತಿದೆ ಅಂದರೆ ಇನ್ನೇನು ಉಳಿಯಿತು? ಲಮಿಸಿ ಹೇಳಿದ ಹಾಗೆ ಸುತ್ತಳತೆ.

ಕೊಳವೆ ಬಾವಿಯ ಹುಡುಗಿಯರು ಇವತ್ತು ತಿಯುಂಬಾಳನ್ನು ನೋಡಿ ಆ ಹೆಸರು ಕೂಗಿದರು. ನಾನು ಇಟ್ಟ ಹೆಸರು. ಅವಳು ಕೊಡ ತುಂಬಿಸಿಕೊಂಡು ಬಂದಳು, ತಲೆಯ ಮೇಲಿನ ನೀರು ಒಂದು ಹನಿ ಚೆಲ್ಲಲಿಲ್ಲ.

ಜನವರಿ ೧೯

ಸಂಜೆ ಕಾಯಿ ಒಡೆಯುತ್ತ ಕೂತಿದ್ದಾಗ ಅವಳನ್ನು ನೇರವಾಗಿ ಕೇಳಿದೆ. ಅವತ್ತು ಬೋಗುಣಿಗೆ ಕೈ ಹಾಕಿದಾಗ ನಿನಗೆ ಗೊತ್ತಾಯಿತು ಅಲ್ಲವೇ ಅಂತ.

“ಕೆಂಡ ತಾಗಿದ ದಿನವೇ ಗೊತ್ತಾಗಿತ್ತು,” ಅಂದಳು, ಕಲ್ಲಿನಿಂದ ಕಾಯಿ ಕುಟ್ಟುತ್ತ.

“ಮತ್ತೆ ಯಾಕೆ ನನ್ನ ಕೈಗೇ ಹದ ಬಿಟ್ಟೆ?”

“ಅದೇ ನನ್ನ ತಪ್ಪು. ಕೇಳೋಕೆ ಹೆದರಿದೆ. ಅದನ್ನೇ ಸಭೇಲಿ ಒಪ್ಕೊಂಡಿದ್ದು, ಗ್ಲೌಸು ಬರೀ ನೆಪ.”

“ನಿಜ ಹೇಳ್ಬೋದಿತ್ತಲ್ಲ. ನಿನ್ನ ಕೆಲಸ ಉಳೀತಿತ್ತು.”

ಕುಟ್ಟುವುದು ನಿಲ್ಲಿಸಿದಳು. “ಹೇಳಿದ್ರೆ ಏನಾಗ್ತಿತ್ತು ಅಜ್ಜಿ? ಅರ್ಧ ಜನ ಲಮಿಸಿ ಚಿಕ್ಕಮ್ಮನ ಕಡೆ, ಅರ್ಧ ಜನ ನಿನ್ನ ಕಡೆ. ಗುಂಪು ಎರಡಾಗೋದು. ತಪ್ಪು ಗ್ಲೌಸಿಂದು ಅಂದ್ರೆ ಗ್ಲೌಸು ಬಿಸಾಕಿದ್ರೆ ಮುಗೀತು. ನಿನ್ನನ್ನ ಎಲ್ಲಿಗೆ ಬಿಸಾಕೋದು?”

ನನ್ನ ಮೇಲಿನ ಮರುಕದಿಂದ ಮಾಡಿದೆ ಅಂದಿದ್ದರೆ ಕಪಾಳಕ್ಕೆ ಹೊಡೆಯುತ್ತಿದ್ದೆ. ಹೊಡೆದರೆ ಅವಳಿಗೆ ಮಾತ್ರ ಗೊತ್ತಾಗುತ್ತಿತ್ತು. ಆದರೆ ಮರುಕ ಅಲ್ಲ, ಯೋಚನೆ. ಇದನ್ನು ಅಕ್ರಾದಲ್ಲಿ ಕಲಿಸಿದರಾ ಅಂತ ಕೇಳಿದೆ. ಇಲ್ಲವಂತೆ. ಹಿಂದೆ ಗಿರಣಿ ಕೆಟ್ಟಾಗ ಕೆಡಿಸಿದವಳ ಹೆಸರು ಹೇಳದೆ ನಾನು ಇಲಿಯ ಮೇಲೆ ಹಾಕಿದ್ದೆನಂತೆ, ಆಗ ಇವಳಿಗೆ ಏಳು ವರ್ಷವಂತೆ. ನನಗೆ ನೆನಪೇ ಇಲ್ಲ.

ಇಪ್ಪತ್ತೆಂಟಕ್ಕೆ ಮೇಡಮ್ ಬರುತ್ತಾಳೆ, ಮಾರ್ಗದರ್ಶಿಯ ಕೊನೆಯ ಮಾತು ಕೇಳಲು.

ಜನವರಿ ೨೮

ಮೇಡಮ್ ಡೆಡೆ ಬಂದಳು, ಮೂಗಿಗೆ ಅದೇ ಬಟ್ಟೆ. ಹನ್ನೆರಡು ಹೆಂಗಸರೂ ಬೇವಿನ ಮರದ ಕೆಳಗಿದ್ದರು. ಮೇಡಮ್ ಕುರ್ಚಿಯಲ್ಲಿ ಕೂತು ಕಾಗದ ತೆಗೆದು, ತಿಯುಂಬಾಳ ಮುಂದಾಳತನದಲ್ಲಿ ಆದ ವೈಫಲ್ಯದಿಂದ ಏನು ಕಲಿತಿರಿ ಅಂತ ಕೇಳಿದಳು. ‘ವೈಫಲ್ಯ’ ಅನ್ನುವಾಗ ಅವಳ ಮುಖದಲ್ಲಿ, ಹಸುಗೂಸಿನ ಬಟ್ಟೆ ಬಿಚ್ಚಿ ನೋಡುವವಳ ನಗು ಇತ್ತು.

ನಾನು ಎದ್ದೆ. “ಹಿಟ್ಟು ಕೆಟ್ಟದ್ದು ಗ್ಲೌಸಿಂದ ಅಲ್ಲ, ನನ್ನ ಕೈಯಿಂದ. ನನ್ನ ಕೈಗೆ ಬಿಸಿ ತಂಪು ತಿಳಿಯೋದಿಲ್ಲ. ಹೇಳು ಅವಳಿಗೆ,” ಅಂದೆ.

ತಿಯುಂಬಾ ಮೇಡಮ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಮೇಡಮ್ ತಲೆದೂಗಿ, ಎದೆಗೆ ಕೈ ಇಟ್ಟುಕೊಂಡು ನನ್ನನ್ನು ನೋಡಿ ನಕ್ಕಳು. ಹುಡುಗಿ ಮತ್ತೆ ಜರಡಿ ಹಿಡಿದಿದ್ದಳು. ಅಜ್ಜಿ ಮೊಮ್ಮಗಳನ್ನು ಕ್ಷಮಿಸಿದ್ದಾಳೆ, ಅಂಥದ್ದೇನೋ ಹೇಳಿರಬೇಕು.

“ನಾನು ಹೇಳಿದ್ದನ್ನ ಹೇಳು.”

“ಹೇಳ್ದೆ ಅಜ್ಜಿ.”

“ನಿನ್ನ ಮುಖಕ್ಕೆ ಸುಳ್ಳು ಒಗ್ಗಲ್ಲ ಕಣೇ.”

ಅವಳು ನೆಲ ನೋಡಿದಳು. ಬಂದ ದಿನ ನೋಡದಿದ್ದ ನೆಲವನ್ನು ಇವತ್ತು ನೋಡಿದಳು. ಇನ್ನು ಇವಳಿಂದ ಆಗದು ಅನ್ನಿಸಿತು. ಲಮಿಸಿಗೆ ಎರಡು ಬೋಗುಣಿ ತರಲು ಹೇಳಿದೆ, ಒಂದರಲ್ಲಿ ಒಲೆಯ ಮೇಲಿನ ನೀರು, ಒಂದರಲ್ಲಿ ಮಡಕೆಯ ನೀರು, ಯಾವುದರಲ್ಲಿ ಯಾವುದು ಅಂತ ನನಗೆ ತೋರಿಸಬೇಡ ಅಂದೆ. ತಲೆವಸ್ತ್ರ ಬಿಚ್ಚಿ ಅವಳ ಕೈಗೇ ಕೊಟ್ಟೆ, ಕಣ್ಣಿಗೆ ಕಟ್ಟಿದಳು. ಬಿಗಿಯಾಗಿಯೇ ಕಟ್ಟಿದಳು, ಇಪ್ಪತ್ತು ವರ್ಷದ ಆಸೆ ಅದರಲ್ಲಿತ್ತು. ನನ್ನ ಎರಡು ಕೈಯನ್ನೂ ಎರಡು ಬೋಗುಣಿಗೆ ಇಳಿಸಿದಳು.

“ಯಾವುದು ಬಿಸಿ ಮಗಾಜಿಯಾ?” ಅಂದಳು ಲಮಿಸಿ, ಮೆಲ್ಲಗೆ.

ಸುಮ್ಮನೆ ಬಾಯಿಗೆ ಬಂದದ್ದು ಹೇಳಿದೆ. ಎಡ.

ಯಾರೋ ಅತ್ತ ಸದ್ದು ಕೇಳಿತು. ಬಲಗೈಯನ್ನು ಯಾರೋ ಬೇಗ ನೀರಿನಿಂದ ಎಳೆದರು. ಬಟ್ಟೆ ಸರಿಸಿದಾಗ ನೋಡಿದೆ, ಎಳೆದವಳು ಮೇಡಮ್. ಅವಳ ಮೂಗಿನ ಬಟ್ಟೆ ಕೆಳಗೆ ಬಿದ್ದಿತ್ತು, ತೋಳಿನವರೆಗೆ ಒದ್ದೆಯಾಗಿದ್ದಳು. ಇಷ್ಟಕ್ಕೆ ಭಾಷೆ ಬೇಕಾಗಿರಲಿಲ್ಲ.

“ರಬ್ಬರ್ ಕೈ ಯಾರದು ಅಂತ ನೋಡ್ಕೊಂಡ್ರಲ್ಲ,” ಅಂದೆ ಹೆಂಗಸರಿಗೆ. “ಇನ್ನು ಮುಂದೆ ಆ ಹೆಸರು ನನ್ನದು. ಮಗಾಜಿಯಾ ಯಾರನ್ನ ಮಾಡ್ಕೋತೀರೋ ಮಾಡ್ಕೊಳ್ಳಿ.”

ಎಲ್ಲರೂ ಲಮಿಸಿಯ ಕಡೆ ನೋಡಿದರು. ಅವಳು ನನ್ನ ತಲೆವಸ್ತ್ರವನ್ನು ಕೊಡವಿ, ಮಡಿಸಿ, ಮತ್ತೆ ನನ್ನ ತಲೆಗೆ ಸುತ್ತಿದಳು. “ಹದ ನಾನು ನೋಡ್ತೀನಿ. ಮಗಾಜಿಯಾ ಆಗೋಕೆ ಕೈ ಯಾಕೆ, ಬಾಯಿ ಸಾಕು. ಅದಿನ್ನೂ ಸತ್ತಿಲ್ವಲ್ಲ,” ಅಂದಳು.

ಹೆಂಗಸರು ಅಳುತ್ತ ನಕ್ಕರು. ಗುಂಪು ಎರಡಾಗಲಿಲ್ಲ. ತಿಯುಂಬಾಳ ಹಾಳೆಯ ಮೇಲೆ ಲಮಿಸಿಯ ಸೊನ್ನೆ ಎಷ್ಟು ದೊಡ್ಡದಿತ್ತು ಅಂತ ನೆನಪಾಗುತ್ತಿಲ್ಲ, ಒಮ್ಮೆ ತೆಗೆದು ನೋಡಬೇಕು.

ಫೆಬ್ರವರಿ ೯

ಮತ್ತೆ ಆರು ಬೋಗುಣಿ. ತಿಯುಂಬಾ ವ್ಯಾಪಾರಿಯ ಜೊತೆ ಫೋನಿನಲ್ಲಿ ಮುಕ್ಕಾಲು ಗಂಟೆ ವಾದ ಮಾಡಿ, ಬೋಗುಣಿಗೆ ಒಂದು ಕೈ ಬರಿಗೈ ಅಂತ ಒಪ್ಪಿಸಿದಳು. ಲಮಿಸಿ ಹದ ನೋಡಿದಳು. ಬೆಣ್ಣೆ ಎದ್ದಿತು, ಹಾಲಿನ ನೊರೆಯಷ್ಟು ಬಿಳಿ. ನಾನು ಚಾಪೆಯ ಮೇಲೆ ಕೂತು ತಪ್ಪು ಹುಡುಕಿದೆ. ಮೂರು ಸಿಕ್ಕವು, ಮೂರನ್ನೂ ಹೇಳಿದೆ.

ಆಸ್ಪತ್ರೆಗೂ ಹೋಗಿ ಬಂದೆ. ನರ್ಸು ನಾನು ಹೇಳಿರಲಿಲ್ಲವೇ ಅಂದಳು. ಹೇಳಿದ್ದೆ ಅನ್ನುವುದು ಬಿಟ್ಟರೆ ಆ ಹುಡುಗಿಗೆ ಬೇರೆ ಮಾತು ಬರುವುದಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ.

ಫೆಬ್ರವರಿ ೨೨

ಸುದ್ದಿ ಬಂತು. ಆರು ಜನರಲ್ಲಿ ತಿಯುಂಬಾ ಒಬ್ಬಳು. ಸೊಸೆ ಅಂಗಳದ ತುಂಬ ಕುಣಿದಳು, ಅವಳಿಗೆ ಕುಣಿಯಲು ಬಾರದು.

ಕಾಗದದಲ್ಲಿ ನನಗೂ ಒಂದು ಸಾಲಿದೆ. ಮುಂದಿನ ವರ್ಷದ ಹುಡುಗಿಯರಿಗೆ ಪಾಠ ಮಾಡಲು ನಾನು ಅಕ್ರಾಕ್ಕೆ ಬರಬೇಕಂತೆ. ಮತ್ತೆ, ಆ ಎರಡು ಬೋಗುಣಿಯನ್ನು ಅವರು ತರಬೇತಿಯ ಆಟ ಮಾಡಿಕೊಂಡಿದ್ದಾರೆ. ಕಣ್ಣಿಗೆ ಬಟ್ಟೆ, ಬಿಸಿನೀರು ತಣ್ಣೀರು, ಹುಡುಗಿಯರು ಒಬ್ಬರಾದ ಮೇಲೊಬ್ಬರು ಕೈ ಅದ್ದಬೇಕು, ಅದ್ದಿ ನಾಯಕತ್ವದ ಬಗ್ಗೆ ತಮಗೆ ಅನ್ನಿಸಿದ್ದನ್ನು ಹೇಳಬೇಕು. ಬಿಸಿ ತಾಗಿದವಳಿಗೆ ಏನು ಅನ್ನಿಸುತ್ತದೆ? ಬಿಸಿ ಅನ್ನಿಸುತ್ತದೆ. ನನ್ನ ಸತ್ತ ಕೈಗೂ ಒಂದು ಚೀಟಿ, ಒಂದು ಸಂಖ್ಯೆ ಅಂಟಿಸಿ ಪೆಟ್ಟಿಗೆಗೆ ಹಾಕಿಕೊಂಡರು. ಇಂಥವರ ನಡುವೆ ಈ ಹುಡುಗಿ ಎರಡು ವರ್ಷ ಇರಬೇಕು. ಆ ಮೇಜಿನ ಸುತ್ತ ಒಬ್ಬಳಾದರೂ ಹದ ತಿಳಿದವಳು ಬೇಕೇ ಬೇಕು.

ಮಾರ್ಚ್ ೩

ಬೆಳಿಗ್ಗೆಯ ಲಾರಿಗೆ ಹೋದಳು.

ಬುತ್ತಿಗೆ ಒಣ ಸೊಪ್ಪು, ಸಾರಿಗೆ ಹಾಕುವ ದವದವದ ಉಂಡೆ, ಒಂದು ಡಬ್ಬ ಬೆಣ್ಣೆ ಕಟ್ಟಿಕೊಟ್ಟೆ. ಲಮಿಸಿಯ ಹದದ ಬೆಣ್ಣೆ, ಪರವಾಗಿಲ್ಲ, ತಿನ್ನಬಹುದು. ಮೇಜಿನ ಮುಂದೆ ಕೂತಾಗ ಗೊತ್ತಿಲ್ಲದ್ದಕ್ಕೆ ತಲೆಯಾಡಿಸಬೇಡ, ಗೊತ್ತಿದ್ದಾಗ ಬಾಯಿ ಮುಚ್ಚಿಕೊಂಡು ಕೂರಬೇಡ, ಬೇರೆಯವರ ಬೈಗುಳವನ್ನು ಜರಡಿ ಹಿಡಿಯಬೇಡ ಅಂತ ಹೇಳಿದೆ. ಮಾರ್ಗದರ್ಶಿ ಅಂದ ಮೇಲೆ ಏನಾದರೂ ಹೇಳಬೇಕಲ್ಲ.

ಲಾರಿಯ ಹತ್ತಿರ ಊರೆಲ್ಲ ನೋಡುತ್ತಿದ್ದಾಗ ಅವಳು ಹೊಸ ಬಟ್ಟೆಯಲ್ಲೇ ಧೂಳಿನಲ್ಲಿ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮೊಣಕಾಲು ಕಟಕ್ಕೆನ್ನಲಿಲ್ಲ. ನೆಲ ನೋಡುತ್ತ ಕೂತೇ ಇದ್ದಳು, ಏಳಲಿಲ್ಲ. ಡ್ರೈವರು ಹಾರನ್ ಒತ್ತಿದ.

“ಏಳೇ, ಬಟ್ಟೆ ಕೊಳೆಯಾಗುತ್ತೆ,” ಅಂದು ಕೈ ಚಾಚಿದೆ. ಎಬ್ಬಿಸಲು ಚಾಚಿದ್ದು.

ಅವಳು ಎದ್ದು ನಿಂತ ಮೇಲೂ ಬಿಡಲಿಲ್ಲ, ಹಿಡಿದು ಕುಲುಕಿದಳು. ಇದರಲ್ಲಿ ಅಂಥದ್ದೇನಿದೆಯೋ ನನಗೆ ಈಗಲೂ ತಿಳಿಯದು. ಎಷ್ಟು ಬಿಗಿಯಾಗಿ ಹಿಡಿದಿದ್ದಾಳೆ ಅಂತ ಕೈಗೆ ಗೊತ್ತಾಗಲಿಲ್ಲ. ಬಗ್ಗಿ ನೋಡಿದೆ. ಅವಳ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.